ಹನ್ನೊಂದು ದಿನಗಳ ಅಳತೆ

ನಮ್ಮ ಮ್ಯೂಸಿಯಮ್ಮಿನ ಗಡಿಯಾರಕ್ಕೆ ಮುಳ್ಳು ಒಂದೇ. ಹದಿನೈದನೇ ಶತಮಾನದ ಯಾರೋ ಕಮ್ಮಾರ ಬಡಿದು ಮಾಡಿದ ಕಬ್ಬಿಣದ ಚೌಕಟ್ಟು, ಹಗ್ಗಕ್ಕೆ ಕಟ್ಟಿದ ಕಲ್ಲು, ಮೇಲೆ ಸೆಣಬಿನ ದಾರದಿಂದ ಇಳಿಬಿಟ್ಟು ಅತ್ತಿತ್ತ ಹೊಯ್ದಾಡುವ ಅಡ್ಡಪಟ್ಟಿ. ಲೋಲಕ ಬರುವುದಕ್ಕೂ ಮುಂಚಿನದು. ಪಟ್ಟಿಯ ತುದಿಗಳಲ್ಲಿ ಎರಡು ಸಣ್ಣ ತೂಕಗಳು; ಹೊರಕ್ಕೆ ಸರಿಸಿದರೆ ಗಡಿಯಾರ ನಿಧಾನ, ಒಳಕ್ಕೆ ಸರಿಸಿದರೆ ವೇಗ. ಇಂಥವು ದಿನಕ್ಕೆ ಕಾಲು ಗಂಟೆ ತಪ್ಪುವುದು ಸಾಮಾನ್ಯ. ಚಳಿಯಲ್ಲಿ ಎಣ್ಣೆ ಗಟ್ಟಿಯಾಗಿ ಇನ್ನೂ ಹೆಚ್ಚು.

ನಮ್ಮದು ತಪ್ಪುತ್ತಿರಲಿಲ್ಲ. ಎರಡು ವರ್ಷ, ಬುಧವಾರ ಮತ್ತು ಭಾನುವಾರ, ಹತ್ತರ ಗಂಟೆ ಬಡಿದ ಕ್ಷಣವನ್ನು ಫೋನಿನ ಸಮಯದ ಪಕ್ಕ ಬರೆದಿಟ್ಟಿದ್ದೆ. ಮೊದಲ ವಾರ ತೂಕ ಹೊಂದಿಸಿದ ಮೇಲೆ ಇನ್ನೂರ ಆರು ಅಳತೆ. ಎಲ್ಲೂ ನಾಲ್ಕು ನಿಮಿಷ ಮೀರಿಲ್ಲ, ಚಳಿಗೂ ಬೇಸಿಗೆಗೂ ವ್ಯತ್ಯಾಸವಿಲ್ಲ. ಆ ಸೆಣಬಿನ ದಾರವೇ ಹೇಗೋ ಚಳಿಯ ಪರಿಣಾಮವನ್ನು ಸರಿದೂಗಿಸುತ್ತಿದೆ ಎಂದು ನಾನು ಊಹಿಸಿದೆ. ಮಾರ್ಚ್ ಎರಡನೇ ಶನಿವಾರ ಉಟ್ರೆಕ್ಟ್‌ನ ಗಡಿಯಾರ ಆಸಕ್ತರ ಸಂಘದಲ್ಲಿ ಅದನ್ನು ಮಂಡಿಸಬೇಕಿತ್ತು. ಮಂಗಳೂರಿನಲ್ಲಿ ಭೌತಶಾಸ್ತ್ರದ ಎಂಎಸ್ಸಿ ಮುಗಿಸಿ, ಶ್ರೀಜಿತ್‌ನನ್ನು ಮದುವೆಯಾಗಿ ವೂರ್‌ಬರ್ಗ್ ಎಂಬ ಈ ಡಚ್ ಊರಿಗೆ ಬಂದು ಎಂಟು ವರ್ಷ. ಈ ಎಂಟು ವರ್ಷಗಳಲ್ಲಿ ನನ್ನ ಕೆಲಸ ಎಂದು ನಾನು ಹೇಳಿಕೊಳ್ಳಬಹುದಾದದ್ದು ಅದೊಂದೇ.

ಮ್ಯೂಸಿಯಮ್ಮಿಗೆ ನನ್ನನ್ನು ಸ್ವಯಂಸೇವಕಿಯಾಗಿ ಕರೆದುಕೊಂಡು ಹೋದವರು ಅನ್ವರ್ ಭಾಯ್. ದಾವಣಗೆರೆಯವರು, ಬೇಗ ನಿವೃತ್ತಿ ತೆಗೆದುಕೊಂಡ ಮೆಕ್ಯಾನಿಕಲ್ ಎಂಜಿನಿಯರ್. ಮನೆ ಮ್ಯೂಸಿಯಮ್ಮಿನ ಎದುರೇ ಇದ್ದುದರಿಂದ ದಿನಾ ಬೆಳಿಗ್ಗೆ ಕಲ್ಲನ್ನು ಮೇಲೆತ್ತಿ ಕೀಲಿ ಕೊಡುವ ಕೆಲಸ ಅವರದು. ಅಳತೆ ನನ್ನದು. ಮುಳ್ಳನ್ನು ನನ್ನ ಹೊರತು ಯಾರೂ ಮುಟ್ಟಬಾರದೆಂದು ಮೊದಲ ವಾರವೇ ಮಾತಾಗಿತ್ತು.

ಈ ಫೆಬ್ರವರಿಯಲ್ಲಿ, ಎರಡು ವರ್ಷಗಳಲ್ಲಿ ಮೊದಲ ಬಾರಿಗೆ, ಅವರು ಹೆಂಡತಿ ಮಸರ್ರತ್ ಜೊತೆ ಊರಿಗೆ ಹೋದರು. ಹನ್ನೊಂದು ದಿನ ನಾನೇ ಬೆಳಿಗ್ಗೆ ಟ್ರಾಮ್ ಹಿಡಿದು ಹೋಗಿ ಕೀಲಿ ಕೊಟ್ಟೆ. ಮೊದಲ ದಿನ ಗಡಿಯಾರ ಹತ್ತೊಂಬತ್ತು ನಿಮಿಷ ಹಿಂದೆ ಬಿತ್ತು. ಎರಡನೇ ದಿನ ಇನ್ನೂ ಇಪ್ಪತ್ತೆರಡು. ನನ್ನ ಕೈಯಲ್ಲೇ ಏನೋ ಕೆಟ್ಟಿತೆಂದು ದಾರ ನೋಡಿದೆ, ತೂಕ ನೋಡಿದೆ, ಹಲ್ಲುಚಕ್ರಗಳನ್ನು ಒಂದೊಂದಾಗಿ ನೋಡಿದೆ. ಏನೂ ಕೆಟ್ಟಿರಲಿಲ್ಲ. ಮುಳ್ಳನ್ನು ಸರಿಪಡಿಸದೆ ದಿನದಿನದ ತಪ್ಪನ್ನು ಬರೆಯುತ್ತ ಹೋದೆ. ಹನ್ನೊಂದನೇ ದಿನ ಕೋಣೆಯ ಉಷ್ಣಾಂಶದ ಎದುರು ಅವನ್ನು ಗುರುತಿಸಿದಾಗ ಪಠ್ಯಪುಸ್ತಕದಲ್ಲಿರುವಂಥ ಗೆರೆ ಬಂತು: ಚಳಿ ಹೆಚ್ಚಿದಷ್ಟೂ ನಿಧಾನ. ಗಡಿಯಾರ ಸರಿಯಾಗಿಯೇ ಇತ್ತು. ಬದಲಾದದ್ದು ಒಂದೇ, ಅನ್ವರ್ ಭಾಯ್ ಇರಲಿಲ್ಲ.

ಅವರು ಮರಳಿದ ಮರುದಿನ ನಾನು ಏಳೂಮುಕ್ಕಾಲಿಗೇ ಹೋಗಿ, ನನ್ನಲ್ಲಿದ್ದ ಎರಡನೇ ಕೀಲಿಕೈಯಿಂದ ಒಳಹೊಕ್ಕು ಕುಳಿತೆ. ಅವರು ಬಾಗಿಲು ತೆರೆದು, ಕಲ್ಲೆತ್ತಿ, ಫೋನು ನೋಡಿ, ಮುಳ್ಳಿನ ಕಡೆ ಕೈ ಚಾಚಿದರು. ಆಗ ಮೂಲೆಯ ಬೆಂಚಿನಲ್ಲಿದ್ದ ನನ್ನನ್ನು ಕಂಡರು.

"ಎಷ್ಟು ದಿನದಿಂದ?" ಎಂದೆ.

ಅವರು ಕೈಯಲ್ಲಿದ್ದ ಬೆಣ್ಣೆ ಬಿಸ್ಕತ್ತಿನ ಪೊಟ್ಟಣವನ್ನು ಕಿಟಕಿಯ ಮೇಲಿಟ್ಟರು. ನನಗೆಂದೇ ತಂದದ್ದು.

"ಶುರುವಿಂದ. ಮೊದಲ್ನೇ ವಾರ ಅರ್ಧ ಗಂಟೆ ತಪ್ಪಿತ್ತಲ್ಲ, ನೀನು ತೂಕ ಸರಿಸಿ ಹೋದೆ. ಮಾರನೇ ದಿನದಿಂದ ನಾನು ಮುಳ್ಳನ್ನ ಒಂಚೂರು ಸೆಟ್ ಮಾಡ್ದೆ. ಭಾನುವಾರ ನೀನು ಎಷ್ಟು ಖುಷಿಯಾದೆ, ನೆನಪಿದೆಯಾ? ಮನೆಯಿಂದ ನೀರುದೋಸೆ ಮಾಡ್ಕೊಂಡು ಬಂದೆ. ಆಮೇಲೆ ಹೆಂಗೆ ಹೇಳ್ಲಿ?"

ಒಂದೊಂದು ದಿನ ಎರಡು ನಿಮಿಷ, ಒಂದೊಂದು ದಿನ ನಾಲ್ಕು ತಪ್ಪು ಬರುತ್ತಿತ್ತಲ್ಲ, ಅದೆಲ್ಲಿಂದ ಬಂತು ಎಂದು ಕೇಳಿದೆ.

"ನಾನೇ ಬಿಡ್ತಿದ್ದೆ. ಎಲ್ಲಾ ಪರ್ಫೆಕ್ಟ್ ಇದ್ರೆ ನಿನಗೆ ಡೌಟ್ ಬರುತ್ತಲ್ಲ."

ತಪ್ಪುಗಳ ಸರಾಸರಿ ತೆಗೆದಿದ್ದೆ, ಅವುಗಳ ಹರವನ್ನು ಲೆಕ್ಕ ಹಾಕಿದ್ದೆ. ಎರಡು ವರ್ಷ ನಾನು ಅಳೆದದ್ದು ಈ ಮನುಷ್ಯನ ಬೆರಳನ್ನು.

"ತಂಗಿ, ಕೆಟ್ಟ ಮನಸ್ಸಿಂದ ಮಾಡಿಲ್ಲ. ಆವಾಗ ಕೆಲಸ ಇಲ್ದೆ ನೀನು ಎಷ್ಟು ಬೇಜಾರಲ್ಲಿದ್ದೆ ಅಂತ ನಿನಗೇ ಗೊತ್ತು. ಟೈಮ್‌ಪಾಸಿಗೆ ಒಂದು ಕೆಲಸ ಆಯ್ತು, ಇರ್ಲಿ ಬಿಡು ಅಂದ್ಕೊಂಡೆ. ಶ್ರೀಜಿತ್ ಕೂಡ ಹಂಗೇ ಅಂದ."

"ಶ್ರೀಜಿತ್‌ಗೆ ಗೊತ್ತುಂಟಾ?"

ಗೊತ್ತು ಎಂದರು. ನಾನು ಅವರ ಬಳಿಯಿದ್ದ ಬಾಗಿಲಿನ ಕೀಲಿಕೈ ಕೇಳಿದೆ. ಕೊಟ್ಟರು. ಮ್ಯೂಸಿಯಮ್ಮಿಗೆ ಬರುವವರು ಗಡಿಯಾರ ಸರಿಯಿಲ್ಲವಲ್ಲ ಎಂದು ಕೇಳಿದರೆ ಏನು ಹೇಳುತ್ತೀ ಎಂದರು. ಗಡಿಯಾರ ತಪ್ಪು ತೋರಿಸುತ್ತಿದೆ ಎಂದು ಹೇಳುತ್ತೇನೆ ಎಂದೆ.

ಮನೆಯಲ್ಲಿ ಶ್ರೀಜಿತ್ ಲ್ಯಾಪ್‌ಟಾಪ್ ಮುಚ್ಚದೆಯೇ ಉತ್ತರ ಕೊಟ್ಟ. "ಹೌದು ಮಾರಾಯ್ತಿ, ಹೇಳಿದ್ರು ಒಮ್ಮೆ. ನೀನು ನಗ್ತಾ ಇದ್ದಿಯಲ್ಲ, ಹಾಳು ಮಾಡುದ್ಯಾಕೆ ಅಂತ. ನೀನು ಇದನ್ನು ಇಷ್ಟು ಸೀರಿಯಸ್ ಆಗಿ ತಗೊಳ್ತಿ ಅಂತ ಯಾರಿಗೆ ಗೊತ್ತಿತ್ತು?" ದಿನಾ ರಾತ್ರಿ ಊಟದ ಮೇಜಿನಲ್ಲಿ ಆ ನೋಟ್‌ಬುಕ್ ತೆರೆದಿಟ್ಟು ಇವನಿಗೇ ವಿವರಿಸುತ್ತಿದ್ದೆ. ಇವನು ತಲೆಯಾಡಿಸುತ್ತಿದ್ದ.

ಸಂಘಕ್ಕೆ ಬರೆದೆ: ಹಳೆಯ ತೀರ್ಮಾನ ಹಿಂತೆಗೆದುಕೊಂಡಿದ್ದೇನೆ, ನನ್ನ ಬಳಿ ಹನ್ನೊಂದು ದಿನಗಳ ಅಳತೆ ಮಾತ್ರ ಇದೆ, ಒಪ್ಪಿದರೆ ಅಷ್ಟನ್ನೇ ಮಂಡಿಸುತ್ತೇನೆ. ಬನ್ನಿ ಎಂದು ಎರಡು ಸಾಲಿನ ಉತ್ತರ ಬಂತು.

ಆಮೇಲೆ ನೋಟ್‌ಬುಕ್ ತೆಗೆದೆ. ಕಾಲೇಜಿನ ಪ್ರಯೋಗಾಲಯದಲ್ಲಿ ಕಲಿಸಿದ್ದರು: ತಪ್ಪು ಅಳತೆಯನ್ನು ಅಳಿಸಬಾರದು, ಅಂಕಿ ಕಾಣುವಂತೆ ಒಂದೇ ಗೆರೆ ಎಳೆದು, ದಿನಾಂಕ ಹಾಕಿ, ಪಕ್ಕದಲ್ಲಿ ಕಾರಣ ಬರೆಯಬೇಕು. ಸ್ಕೇಲು ಇಟ್ಟು ಇನ್ನೂರ ಆರೂ ಸಾಲುಗಳ ಮೇಲೆ ಗೆರೆ ಎಳೆದೆ. ಕಾರಣದ ಜಾಗದಲ್ಲಿ, ಮುಳ್ಳು ಸರಿಸಿದವರು ಅನ್ವರ್ ಭಾಯ್, ತಿಳಿದೂ ಹೇಳದವರು ಶ್ರೀಜಿತ್ ಎಂದು ಬರೆದೆ. ಓದಿ ನೋಡಿದೆ. ಸ್ಕೇಲನ್ನು ಮತ್ತೆ ಇಟ್ಟು 'ಭಾಯ್' ಎಂಬುದರ ಮೇಲೂ ಒಂದು ಗೆರೆ ಎಳೆದು ದಿನಾಂಕ ಹಾಕಿದೆ.