ಕವುಚಿಟ್ಟ ಸೌಟು

ಒಲೆಯಲ್ಲಿ ಉರಿಯಾಗಿ, ಒಡಲಲ್ಲಿ ಹಸಿವಾಗಿ, ನಾಲಿಗೆಯಲ್ಲಿ ರಸವಾಗಿ ನೆಲೆಸಿ, ಕೊಟ್ಟ ನೆನಪನ್ನು ಒಂದು ದಿನ ಸದ್ದಿಲ್ಲದೆ ಹಿಂದಕ್ಕೆ ಪಡೆಯುವ ಪರಮಾತ್ಮನಿಗೆ ಕೈಮುಗಿದು ಈ ಕಥೆಯನ್ನು ಆರಂಭಿಸುತ್ತೇನೆ.

ಒಂದು ಹೋಟೆಲಿನಲ್ಲಿ ಗಂಡಹೆಂಡಿರು ಒಂದೇ ಪಾತ್ರೆಯಲ್ಲಿ ಅಡುಗೆ ಮಾಡುತ್ತಿದ್ದರು. ಗಂಡ ಇಟಲಿಯ ಅಡುಗೆ ಕಲಿತವನು. ಹೆಂಡತಿ ಥಾಯ್ ಅಡುಗೆಯಲ್ಲಿ ಪಳಗಿದವಳು. ಅವನು ಕುರಿಯ ಕಾಲಿನ ಮಾಂಸವನ್ನು ಎಲುಬುಸಹಿತ ಕೆಂಪಗೆ ಹುರಿದು, ಈರುಳ್ಳಿ, ಗಜ್ಜರಿ, ಟೊಮೇಟೊಗಳೊಡನೆ ಸಣ್ಣ ಉರಿಗೆ ಒಪ್ಪಿಸುವನು. ಅವಳು ಜಜ್ಜಿದ ನಿಂಬೆಹುಲ್ಲು, ನಿಂಬೆಯೆಲೆ, ತೆಂಗಿನ ಹಾಲು ಸೇರಿಸಿ ಸಾರಿಗೆ ಪರಿಮಳ ಕಟ್ಟುವಳು. ಉಪ್ಪಿನ ಬದಲು ಮೀನಿನ ಸಾಸ್, ಕಂದು ಬಣ್ಣದ ಉಪ್ಪುರಸ. ಅದನ್ನು ಹಾಕುವ ಹಕ್ಕು ಅವನದು. ಹಾಕಿದೊಡನೆ ಸೌಟನ್ನು ಪಾತ್ರೆಯ ಪಕ್ಕ ಕವುಚಿಡಬೇಕು: ಉಪ್ಪು ಬಿತ್ತು, ಇನ್ನು ಯಾರೂ ಕೈಹಾಕಬಾರದು ಎಂಬ ಗುರುತು. ಮದುವೆಯ ಹೊಸತರಲ್ಲಿ ಜಗಳವಾಡಿ ಮಾತು ಬಿಟ್ಟಿದ್ದಾಗ ಹುಟ್ಟಿದ ಗುರುತು ಅದು. ಜಗಳ ತೀರಿತು, ಗುರುತು ಉಳಿಯಿತು.

ಈಗ ಅವನ ನೆನಪು ತೂತುಬಿದ್ದ ಮಡಕೆ. ಸಾಸ್ ಹಾಕಿ ಸೌಟು ಕವುಚುವನು; ಯಾಕೆ ಕವುಚಿದ್ದೆಂದು ಮರೆತು ಎತ್ತಿ ಕಲಕುವನು; ಮತ್ತೆ ಹಾಕುವನು. ಊಟಕ್ಕೆ ಬಂದವರು ಮುಖ ಹಿಂಡಿ ತಟ್ಟೆ ತಳ್ಳತೊಡಗಿದರು. ಹೋಟೆಲು ನಡೆಸುತ್ತಿದ್ದ ಮಗಳು ಒಂದು ದಿನ ತಾಯಿಯನ್ನು ಪಕ್ಕಕ್ಕೆ ಕರೆದಳು.

“ಅಮ್ಮ, ಇನ್ನೊಂದು ಸಲ ಸಾರು ಉಪ್ಪಾದರೆ ಅಪ್ಪ ಮನೇಲಿರಲಿ. ನಂಗೂ ಕರುಳಿದೆ. ಊಟಕ್ಕೆ ಬಂದೋರ ನಾಲಿಗೆಗೆ ಕರುಳಿರುತ್ತಾ?”

“ಒಲೆ ಬಿಡಿಸಿದರೆ ಅವರು ಉಳಿಯಲ್ಲ ಕಣೆ. ನನ್ನ ಹೆಸರು ಮರೀತಾರೆ; ಉರಿ ಎಷ್ಟಿರಬೇಕು ಅನ್ನೋದು ಮರೆತಿಲ್ಲ.”

ಅಂದೇ ಆಕೆ ಸಾಸಿನ ಬಾಟಲಿಯನ್ನು ತೊಳೆದು, ಅದೇ ಬಣ್ಣದ ತೆಳು ಚಹಾ ಸೋಸಿ ತುಂಬಿಟ್ಟಳು. ನಿಜವಾದ ಸಾಸನ್ನು ತೆಂಗಿನ ಹಾಲಿನಲ್ಲೇ ಬೆರೆಸಿ ತಾನೇ ಹಾಕಿದಳು. ಅವನು ಎಷ್ಟು ಸಲ ಸುರಿದರೂ ಸಾರು ಕೆಡಲಿಲ್ಲ. ‘ಅಪ್ಪನ ಕೈ ಮತ್ತೆ ಕುದುರಿತು’ ಎಂದು ಮಗಳು ನಕ್ಕಾಗ ಆಕೆ ಬಾಟಲಿಯನ್ನು ಮರೆಗೆ ಸರಿಸಿದಳು.

ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ ಬಾಟಲಿಯ ಹನಿಯೊಂದು ಅವನ ಹೆಬ್ಬೆರಳಿನ ಮೇಲೆ ಜಾರಿತು. ಅಭ್ಯಾಸಬಲದಿಂದ ನೆಕ್ಕಿದನು. ಕಣ್ಣುಗಳು ಬಹುಕಾಲದ ಮೇಲೆ ನಿಚ್ಚಳವಾದವು.

“ಇದರಲ್ಲಿ ಮೀನಿಲ್ಲ.”

“ಅಂಗಡಿಯವನು ಮೋಸ ಮಾಡಿರಬೇಕು, ಬಿಡಿ.”

“ಅಂಗಡಿಯವನು ಚಹಾ ಮಾರ್ತಾನೇನೆ? ಸಕ್ಕರೇನಾದರೂ ಹಾಕಬಾರದಿತ್ತಾ, ಜಿಪುಣಿ. ಎಷ್ಟು ದಿನದಿಂದ?”

“ಇವತ್ತೊಂದೇ ದಿನ.”

“ಹೇಳು ಹೇಳು. ನಾನು ನೆನಪಲ್ಲಿ ಹಿಡಿದಿಟ್ಟುಕೊಳ್ಳಲ್ಲ ಅನ್ನೋ ಧೈರ್ಯ ನಿನಗೆ.”

ಅವನು ಸೌಟನ್ನು ತೊಳೆದು, ಒರೆಸಿ, ಕವುಚಿಟ್ಟನು. ಏಪ್ರನ್ ಬಿಚ್ಚಿ ಮಡಿಸಿ, ಎಲ್ಲವನ್ನೂ ಕೇಳುತ್ತ ಬಾಗಿಲಲ್ಲಿ ನಿಂತಿದ್ದ ಮಗಳ ಕೈಗಿತ್ತನು.

“ನಾಳೆ ಮರೆತು ಬಂದರೆ ಒಳಗೆ ಬಿಡಬೇಡ ಮಗಳೇ. ಬೈದಾದರೂ ಕಳಿಸು.”

ಮರುದಿನ ಅವನು ಎಂದಿಗಿಂತ ಮೊದಲೇ ಬಂದನು. “ಏಪ್ರನ್ ಎಲ್ಲಿಟ್ಟಳೋ ನಿಮ್ಮಮ್ಮ,” ಎಂದು ಗೋಡೆಯ ಮೊಳೆಗಳನ್ನು ತಡವಿದನು. ಹಿಂದೆ ಬಂದ ಹೆಂಡತಿ ಮಗಳ ಮುಖ ನೋಡಿದಳು.

ಮಗಳು ಆ ಮಡಿಸಿದ ಏಪ್ರನ್ ತಂದು ತಂದೆಯ ಬೆನ್ನ ಹಿಂದೆ ಗಂಟು ಕಟ್ಟಿದಳು.

“ಇಲ್ಲೇ ಇತ್ತಪ್ಪ.”

ಅವನು ಮಾಂಸ ಹುರಿಯಲು ತಿರುಗಿದನು. ಮಗಳು ಇನ್ನೊಂದು ಒಲೆಯ ಮೇಲೆ ಬಾಟಲಿಯ ಚಹಾಕ್ಕೆ ನೀರಿಟ್ಟಳು. ನೀರು ಕುದಿಯುವವರೆಗೂ ತಾಯಿಮಗಳು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮರೆತವರಿಗೆ ಉರಿಯ ಬಿಸುಪೂ, ಮರೆಯಲಾರದವರಿಗೆ ತಾಳ್ಮೆಯೂ, ಇದನ್ನು ಕೇಳಿದವರೆಲ್ಲರ ಒಲೆಗೆ ಆರದ ಕೆಂಡವೂ ದೊರೆಯಲಿ, ಭಗವಂತನು ಕಾಯಲಿ.