ಹೆಗಲ ಬಳಿಯ ಬಾಣ

ಗೌರವ್ವ ಕಂಪ್ಯೂಟರಿನ ಗುಂಡಿಯನ್ನು ಮತ್ತೊಮ್ಮೆ ಒತ್ತಿದಳು. ಪೆಟ್ಟಿಗೆಯೊಳಗೆ ಟಕ್ ಟಕ್ ಎಂದು ಸದ್ದಾಯಿತು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ಹೊರಗೆ ಪಡಸಾಲೆಯಲ್ಲಿ, ಹಿಂದಿನ ದಿನ ತೀರಿಕೊಂಡಿದ್ದ ಅವಳ ನಾದಿನಿ ದ್ರಾಕ್ಷಾಯಿಣಿಯನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ ಹಚ್ಚಿಯಾಗಿತ್ತು, ಭಜನೆಯವರು ತಾಳ ಕೈಗೆತ್ತಿಕೊಂಡಿದ್ದರು.

ಮನೆತನದ ಹಿರಿಯ ದುಂಡಪ್ಪ ಬಾಗಿಲಲ್ಲಿ ನಿಂತು ಕೇಳಿದ. "ಫೋಟೋ ಸಿಕ್ತೇನವಾ? ಮಣ್ಣ ಕೊಟ್ಟ ಬಂದ ಮ್ಯಾಲ ಇಡಾಕ ಒಂದ ಫೋಟೋ ಬೇಕಲ್ಲ."

"ಎಲ್ಲಾ ಇದರಾಗ ಇಟ್ಟಾಳ್ರಿ ಕಾಕಾ. ಇದ ನೋಡಿದ್ರ ಬಾಯಿ ಬಿಡವಲ್ದು."

"ಆಧಾರ್ ಕಾರ್ಡಿಂದ?"

"ಅದರಾಗ ಅಕ್ಕನ ಗುರ್ತ ಹತ್ತೂದಿಲ್ರಿ."

ಮನೆಯ ಆಲ್ಬಮ್ಮುಗಳಲ್ಲಿ ದ್ರಾಕ್ಷಾಯಿಣಿ ಇದ್ದಳು, ಒಬ್ಬಳೇ ಇದ್ದದ್ದು ಮಾತ್ರ ಒಂದೂ ಇರಲಿಲ್ಲ. ಒಂದರಲ್ಲಿ ಯಾರದೋ ಕೂಸು ಅವಳ ಮುಖಕ್ಕೆ ಕೈ ಇಟ್ಟಿತ್ತು. ಇನ್ನೊಂದರಲ್ಲಿ ಮದುಮಗನ ಪೇಟದ ಹಿಂದೆ ಅವಳ ಒಂದು ಕಿವಿ. ಹುಕ್ಕೇರಿಯ ಅರ್ಧ ಊರಿನ ಲಗ್ನಪತ್ರಿಕೆಗಳನ್ನು ಮನೆಯಲ್ಲೇ ಕುಳಿತು ಟೈಪ್ ಮಾಡಿಕೊಟ್ಟವಳು, ತನ್ನದೊಂದು ಮಾಡಿಕೊಳ್ಳಲಿಲ್ಲ. ಈಗ ಫೋಟೋವೂ ಇಲ್ಲವೆಂದರೆ ಅವಳಿಗಾಗಿ ಗೋಡೆಗೊಂದು ಮೊಳೆ ಹೊಡೆಯುವ ಕೆಲಸವೂ ಇಲ್ಲ. ಹಾಗೆ ಅನಿಸಿದ್ದೇ ಗೌರವ್ವ ಗುಂಡಿಯನ್ನು ಇನ್ನೊಮ್ಮೆ ಒತ್ತಿದಳು.

ಮೇಜಿನ ಮೇಲಿದ್ದ ದ್ರಾಕ್ಷಾಯಿಣಿಯ ಮೊಬೈಲು ಹೊಡೆದುಕೊಂಡಿತು. 'ಪರಶುರಾಮ, ಮೂಡಲಗಿ' ಎಂದಿತ್ತು.

"ಅಕ್ಕಾರ, ಇವತ್ತ ಬೇಸ್ತವಾರ. ಉಳಿದದ್ದ ಕಾಪಿ ಮಾಡೂನಲ್ರಿ?"

ಗೌರವ್ವ ತಾನು ಯಾರೆಂದು ಹೇಳಿ ವಿಷಯ ತಿಳಿಸಿದಳು. ನಿನ್ನೆ ಸಂಜೆ ಎದೆನೋವು ಬಂತು, ಆಸ್ಪತ್ರೆಗೆ ಒಯ್ಯುವಷ್ಟೂ ಹೊತ್ತು ಸಿಗಲಿಲ್ಲ. ಫೋಟೋದ ಪೇಚಾಟವನ್ನೂ ಹೇಳಿದಳು.

"ಫೋನ್ ಪೆಟ್ಟಗಿ ಬಾಜೂ ಹಿಡೀರಿ," ಎಂದ ಪರಶುರಾಮ. ಟಕ್ ಟಕ್ ಸದ್ದು ಕೇಳಿಸಿಕೊಂಡ. "ಡಿಸ್ಕ್ ಹೋಗೇತ್ರಿ. ಇಲ್ಲಿ ಕುಂತ ಏನೂ ಮಾಡಾಕ ಬರೂದಿಲ್ಲ."

"ನಿಮ್ಮ ಕಡೆ ಕಾಪಿ ಐತೆಲ್ಲ?"

"ಲಗ್ನಪತ್ರಿಕಿ ಎಲ್ಲಾ ಅದಾವ್ರಿ. ಫೋಟೋ ಅಷ್ಟ ಉಳಿದಿದ್ವು. ಅಕ್ಕಾರ ಪ್ರತಿ ಸಲ ನಡುವ ನಿಲ್ಲಸ್ತಿದ್ರು. ಮನಿಗೆ ಮಂದಿ ಬಂದಾರ ಅಂತಿದ್ರು."

"ಯಾವ ಮಂದೀರಿ? ಈ ಮನಿಗೆ ಯಾರ್ ಬರತಿದ್ರು? ಎದುರ ಮನಿ ನಮ್ದು. ನಾವ ಹಬ್ಬಕ್ಕಷ್ಟ ಬರತಿದ್ವಿ."

ಆಡಿದ ಮೇಲೆ ಗೌರವ್ವ ನಾಲಿಗೆ ಕಚ್ಚಿಕೊಂಡಳು.

* * *

ಪರಶುರಾಮನದು ಮೂಡಲಗಿಯಲ್ಲಿ ಕಂಪ್ಯೂಟರ್ ರಿಪೇರಿಯ ಅಂಗಡಿ. ಪತ್ರಿಕೆ ಅಚ್ಚು ಹಾಕುವವರು ದ್ರಾಕ್ಷಾಯಿಣಿಗೆ ಅವನ ನಂಬರು ಕೊಟ್ಟಿದ್ದರು. ಹುಕ್ಕೇರಿಗೆ ಬರುವ ಕೆಲಸವೇ ಇರಲಿಲ್ಲ. ಅವಳು ಇಲ್ಲಿ 'ಒಪ್ಪಿಗೆ' ಎಂದು ಒತ್ತಿದರೆ ಸಾಕು, ಅವನು ಅಲ್ಲಿಂದಲೇ ಅವಳ ಕಂಪ್ಯೂಟರ್ ನಡೆಸುತ್ತಿದ್ದ. ಪರದೆಯ ಮೇಲೆ ಮೌಸಿನ ಬಿಳಿ ಬಾಣ ತಾನಾಗಿ ಓಡಾಡತೊಡಗುತ್ತಿತ್ತು.

"ಯವ್ವಾ, ಮನ್ಯಾಗ ಯಾರೋ ಬಂದಂಗ ಆತ ನೋಡ ತಮ್ಮಾ," ಎಂದಿದ್ದಳು ಮೊದಲ ಸಲ.

ಅಲ್ಲಿಂದ ಪ್ರತಿ ಗುರುವಾರ ಏನಾದರೊಂದು ಕೆಡುತ್ತಿತ್ತು. "ಡಿಸ್ಕಿಗೆ ವಯಸ್ಸಾಗೇತ್ರಿ ಅಕ್ಕಾರ, ಎಲ್ಲಾ ಒಮ್ಮೆ ಕಾಪಿ ತಗದ ನನ್ನ ಕಡೆ ಇಡ್ತೇನಿ," ಎಂದು ಅವನು ಹೇಳಿದಾಗ ಅವಳು ಅವಸರ ಮಾಡಲಿಲ್ಲ.

"ಒಮ್ಮೆಲೆ ಯಾಕ? ಸ್ವಲ್ಪ ಸ್ವಲ್ಪ ತಗಿ. ನನ್ನ ಫೋಟೋ ಕಡೀಕ ಇರಲಿ."

ಕಾಪಿ ಆಗುವಷ್ಟು ಹೊತ್ತೂ ಮಾತು. ಇನ್ನೇನು ಮುಗಿಯಿತು ಎನ್ನುವಾಗ ಅವಳ ಮನೆಗೆ ಮಂದಿ ಬರುತ್ತಿದ್ದರು. ಅದು ಚಹಾದ ಪಾತ್ರೆ ಒಲೆಯಿಂದ ಇಳಿಯದ ಮನೆ ಎಂದೇ ಪರಶುರಾಮ ತಿಳಿದಿದ್ದ. ಹೆಂಡತಿ ತೀರಿದ ಮೇಲೆ ಅವನ ಒಲೆ ಹೊತ್ತುತ್ತಿದ್ದುದೇ ಅಪರೂಪ. ಗುರುವಾರಕ್ಕೆ ಅವನೂ ಕಾಯುತ್ತಿದ್ದ.

ಒಮ್ಮೆ ತಂಗಿಯ ಮಗಳು ಮುಖ ನೋಡಿ ಮಾತಾಡುತ್ತೇನೆ ಅಂದಳೆಂದು ದ್ರಾಕ್ಷಾಯಿಣಿ ಕ್ಯಾಮೆರಾ ತರಿಸಿದಳು. ಅವನು ಅದನ್ನು ಚಾಲೂ ಮಾಡಿದಾಗ ಪರದೆಯಲ್ಲಿ ಅವಳ ಮುಖ ಮೂಡಿತು. ಚಿತ್ರ ಸ್ವಲ್ಪ ಮಂಕಾಗಿತ್ತು, ಸರಿಪಡಿಸಲು ಬಾಣವನ್ನು ಅತ್ತಿತ್ತ ಆಡಿಸಿದ.

"ನೋಡ, ನೀ ನನ್ನ ಹೆಗಲಮ್ಯಾಲ ಬಂದ ಕುಂತಿ," ಎಂದಳು. ನಿಜವಾಗಿ ಯಾರೋ ಇದ್ದಾರೆ ಎಂಬಂತೆ ತನ್ನ ಹೆಗಲ ಕಡೆ ತಿರುಗಿ ನೋಡಿ ನಕ್ಕಳು. ಕ್ಯಾಮೆರಾ ಮಾರಿದವನಿಗೆ ತೋರಿಸಲೆಂದು ಅದೇ ಹೊತ್ತಿಗೆ ಪರಶುರಾಮ ತನ್ನ ಪರದೆಯ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಂಡಿದ್ದ.

ತಂಗಿಯ ಮಗಳು ಕರೆ ಮಾಡಲೇ ಇಲ್ಲ.

* * *

ಗೌರವ್ವನ ಜೊತೆ ಮಾತಾಡಿ ಫೋನ್ ಇಟ್ಟವನೇ ಪರಶುರಾಮ ಅಂಗಡಿ ಮುಚ್ಚಿ ಗೋಕಾಕಕ್ಕೆ ಬಂದ. ಬಸ್ ಸ್ಟ್ಯಾಂಡಿನ ಬಳಿಯ ಸ್ಟುಡಿಯೋದಲ್ಲಿ ಮೊಬೈಲಿನ ಆ ಫೋಟೋವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಹುಕ್ಕೇರಿಯ ಬಸ್ಸು ಹತ್ತಿದ. ಬಂದಾಗ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವತ್ತು ನಿಜಕ್ಕೂ ಆ ಮನೆಗೆ ಮಂದಿ ಬಂದಿದ್ದರು.

ದ್ರಾಕ್ಷಾಯಿಣಿ ಇಷ್ಟು ಸಣ್ಣ ಆಳು ಎಂದು ಅವನಿಗೆ ಗೊತ್ತಿರಲಿಲ್ಲ. ಫೋನಿನಲ್ಲಿ ಮನೆ ತುಂಬುವಂಥ ದನಿ. ಅವನು ಚಪ್ಪಲಿ ಕಳಚಿ ಕೈಮುಗಿದು ನಿಂತ. ದುಃಖ ಉಕ್ಕಿ ಬಂತು, ಆದರೆ ಇಷ್ಟು ನೆಂಟರ ನಡುವೆ ಅಳಲು ತಾನು ಯಾರು ಎಂದು ತಡೆದುಕೊಂಡ.

ಗೌರವ್ವ ಫೋಟೋದ ಕಾಗದ ಬಿಚ್ಚಿದಳು. ಕೆನ್ನೆಗೆ ಸೆರಗು ಒತ್ತಿಕೊಂಡು, "ಅಕ್ಕ ಹಿಂಗ ನಗತಾಳ ಅಂತ ನಂಗ ಗೊತ್ತ ಇದ್ದಿಲ್ರಿ," ಎಂದಳು.

ದುಂಡಪ್ಪ ಕನ್ನಡಕ ಏರಿಸಿಕೊಂಡು ಬಗ್ಗಿದ. "ಹೆಗಲಮ್ಯಾಲ ಇದೇನ ಬಿಳೇದು? ಬಾಣ ಇದ್ದಂಗ ಐತಿ. ಅಳಸಾಕ ಬರೂದಿಲ್ಲೇನಪಾ?"

ಎರಡು ನಿಮಿಷದ ಕೆಲಸ. ಗೋಕಾಕದ ಸ್ಟುಡಿಯೋದವನೂ ಅದನ್ನೇ ಕೇಳಿದ್ದ.

"ಬರೂದಿಲ್ರಿ," ಎಂದ ಪರಶುರಾಮ.

ಸಂಜೆ ಮಣ್ಣು ಕೊಟ್ಟು ಬಂದ ಮಂದಿ ದೀಪಕ್ಕೆ ಕೈಮುಗಿದು ಒಬ್ಬೊಬ್ಬರಾಗಿ ಹೊರಟರು. ಪರಶುರಾಮನೂ ಕೊನೆಯ ಬಸ್ಸು ತಪ್ಪೀತೆಂದು ಎದ್ದು ಹೋದ. ದ್ರಾಕ್ಷಾಯಿಣಿ ಕೂತಿದ್ದ ಜಾಗದಲ್ಲಿ ಈಗ ಫೋಟೋ ಇತ್ತು. ಯಾರೋ ಹಾಕಿದ ಚೆಂಡುಹೂವಿನ ಮಾಲೆ ದಪ್ಪನಾಗಿ ಅವಳ ಹೆಗಲನ್ನು ಮುಚ್ಚಿತ್ತು.

ಗೌರವ್ವ ಒಬ್ಬಳೇ ದೀಪಕ್ಕೆ ಎಣ್ಣೆ ಹಾಕುತ್ತ ನಾದಿನಿಯ ಮುಖ ನೋಡಿದಳು. ಅವಳು ನಗುತ್ತ ನೋಡುತ್ತಿದ್ದ ಕಡೆಗೂ ನೋಡಿದಳು. ಅಲ್ಲಿ ಹೂವು ಬಿಟ್ಟು ಏನೂ ಕಾಣಲಿಲ್ಲ. ಎಣ್ಣೆಯ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಬಾಣ ಕಾಣುವಷ್ಟು ಮಾಲೆಯನ್ನು ಬದಿಗೆ ಸರಿಸಿದಳು.