ಬಿಗಿ ಬಾಗಿಲಿನ ಗಾಜಿನ ಕೋಣೆ

ಮನೆಯ ಹಿಂದೆ ಮರದ ಚೌಕಟ್ಟಿನ ಗಾಜಿನ ಕೋಣೆ ಕಟ್ಟಿಸೋಣ ಎಂದು ಸೊಸೆ ಬಾಯಿಬಿಟ್ಟ ದಿನವೇ ಅತ್ತೆಯ ಕಿವಿ ನೆಟ್ಟಗಾಯಿತು. ಅಲ್ಲಾ, ಇದ್ದಕ್ಕಿದ್ದಂತೆ ಇವಳಿಗೇಕೆ ಗಾಜಿನ ಹುಚ್ಚು? ಇನ್ನೇತಕ್ಕೆ, ತನ್ನನ್ನು ಹಾಸಿಗೆ ಸಮೇತ ಅಲ್ಲಿಗೆ ಸಾಗಹಾಕಿ, ಬೀದಿ ಕಡೆಯ ಒಳ್ಳೆಯ ಕೋಣೆಯನ್ನು ಕಬಳಿಸುವುದಕ್ಕೆ! ಮಗನೋ, ಹೆಂಡತಿ ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಆಸಾಮಿ. ಈ ವ್ಯವಹಾರ ಮುರಿಯದೆ ಬಿಡುವುದಿಲ್ಲ ಎಂದುಕೊಂಡೇ ಆಕೆ, ಕೋಣೆ ನೋಡಲು ಹೊರಟ ಸೊಸೆಯ ಬೆನ್ನು ಹತ್ತಿದಳು.

ಅಂಥ ಕೋಣೆಗಳನ್ನು ಮಾರುವವನು ಅವರನ್ನು ಕರೆದೊಯ್ದದ್ದು ಹಳೆಯ ಗಿರಾಕಿಯೊಬ್ಬಳ ಮನೆಗೆ. "ನಾನು ಹೇಳೋದು ಬೇಡಮ್ಮ, ಕಟ್ಟಿಸ್ಕೊಂಡೋರನ್ನೇ ಕೇಳಿ," ಎಂದ. ಮಾತುಮಾತಿಗೂ ನಗು, ನಗುನಗುತ್ತಲೇ ಬೆಣ್ಣೆ. ಆ ಮನೆಯಾಕೆಯೂ ಅಷ್ಟೇ. "ಸಾರ್ ಕೆಲಸ ಅಂದ್ರೆ ಕೆಲಸ ಕಣ್ರೀ, ಒಂದು ಹನಿ ಸೋರಿಲ್ಲ," ಎಂದು ಬಾಯಿಪಾಠ ಒಪ್ಪಿಸಿದಳು.

ಅತ್ತೆ ಅಲ್ಲಿನ ಗಾಜಿನ ಕೋಣೆಯ ಚೌಕಟ್ಟನ್ನು ಉಗುರಿನಿಂದ ಕೆರೆದಳು, ಮೂಲೆಮೂಲೆ ಮೂಸಿದಳು. ಊಹೂಂ, ಮರ ಗಟ್ಟಿಯಾಗಿತ್ತು. ಇನ್ನು ಕೈಚೆಲ್ಲಬೇಕು ಎನ್ನುವಾಗ ಮಾರುವವನು ಅದರ ಹಿತ್ತಲ ಕಡೆಯ ಬಾಗಿಲು ತೆರೆಯಹೋದ. ಹಿಡಿಯನ್ನು ತುಸು ಮೇಲೆತ್ತಿ, ಕೆಳಗೆ ಸೊಂಟದಿಂದ ಒಂದು ಗುದ್ದು ಕೊಟ್ಟ, ಕಿರ್ರೆಂದು ತೆರೆದುಕೊಂಡಿತು. ಮಾತು ನಿಲ್ಲಿಸಲಿಲ್ಲ, ಬಾಗಿಲ ಕಡೆ ನೋಡಲೂ ಇಲ್ಲ. ದಿನಾ ತೆಗೆಯುವವನಿಗಲ್ಲದೆ ಇನ್ಯಾರಿಗೆ ಬಂದೀತು ಆ ವಿದ್ಯೆ?

"ಏನಪ್ಪಾ, ನಿನ್ನ ಮನೆಗೇ ನಮ್ಮನ್ನ ಕರ್ಕೊಂಡು ಬಂದು, ಹೆಂಡ್ತಿ ಬಾಯಲ್ಲೇ ಸಾರ್ ಅನ್ನಿಸ್ಕೋತೀಯಲ್ಲ, ನಾಚಿಕೆ ಆಗಲ್ವಾ?"

ಅವನ ಮುಖ ಬಿಳಿಚಿಕೊಂಡಿತು. "ಈ ನಾಟಕ ಬೇಡ ಅಂತ ಬಡ್ಕೊಂಡೆ, ಕೇಳಿದ್ರಾ?" ಎಂದು ಆ ಮನೆಯಾಕೆ ಗಂಡನ ಮೇಲೆ ಹರಿಹಾಯ್ದಳು.

ಬೀದಿಗೆ ಬಂದ ಅತ್ತೆಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ನನ್ನ ಆ ಗಾಜಿನ ಗೂಡಿಗೆ ತಳ್ಳೋಕೆ ನೋಡಿದ್ಯಲ್ಲ, ಈಗೇನು ಹೇಳ್ತೀಯೆ?"

ಸೊಸೆ ಗಕ್ಕನೆ ನಿಂತಳು. "ನಿಮಗಲ್ಲ ಅತ್ತೆ, ಅದು ನನಗೆ. ಮದುವೆಯಾದಾಗಿಂದ ಎಲ್ಲಿ ಕೂತ್ರೂ ಸದ್ದಿಲ್ಲದೆ ಬಂದು ಬೆನ್ನ ಹಿಂದೆ ನಿಂತಿರ್ತೀರಿ, ಏನು ಮಾಡ್ತಿದೀಯ ಅಂತ. ಗಾಜಿನದಾದ್ರೆ ನೀವು ಬರೋದು ಮೊದಲೇ ಕಾಣುತ್ತೆ. ಬೆಚ್ಚಿಬೀಳದೆ ಒಂದು ಗಳಿಗೆ ಕೂತ್ಕೋಬೇಕಿತ್ತು ನನಗೆ, ಅಷ್ಟೇ." ಹೇಳುತ್ತಲೇ ಅತ್ತುಬಿಟ್ಟಳು.

ಇಬ್ಬರೂ ಮನೆಯ ದಾರಿ ಹಿಡಿದರು. ಬೀದಿಯ ತಿರುವಿನಲ್ಲಿ ಮುದುಕಿ ಸರ್ರನೆ ತಿರುಗಿ ಮತ್ತೆ ಆ ಮನೆಯತ್ತಲೇ ಹೆಜ್ಜೆ ಹಾಕಿದಳು.

"ಎಲ್ಲಿಗೆ ಅತ್ತೆ?"

"ಮರ ಏನೋ ಗಟ್ಟಿಯಾಗೇ ಇದೆ. ಆರ್ಡರ್ ಕೊಡೋಣ ಬಾ. ಬಾಗಿಲು ಮಾತ್ರ ಅವನ ಮನೇದರ ಹಾಗೇ ಬಿಗಿಯಾಗಿ ಕೂರಿಸ್ಲಿ. ಕಾಣೋದಷ್ಟೇ ಅಲ್ಲ, ನಾನು ಬರೋದು ನಿನಗೆ ಕೇಳಿಸ್ಲೂ ಬೇಕು."